ನೋಡೋದಕ್ಕೆ ಏನೂ ಇಲ್ಲದ ಆಟ

"ಭಾವ, ನೀನು ಬಿಟ್ಟುಕೊಟ್ಟು ನಾನು ಗೆಲ್ಲೋ ಆಟ ಬೇಡ ಮಾರಾಯ. ಸೋತರೂ ಪರವಾಗಿಲ್ಲ, ಸರಿಯಾಗಿ ಸೋಲ್ಬೇಕು."

ನನ್ನ ಸೋದರಮಾವನ ಮಗ ಈ ಮಾತು ಹೇಳಿದ್ದು ಕಳೆದ ವರ್ಷ ಚೌತಿಯ ಮಧ್ಯಾಹ್ನ, ರಾಜಾಜಿನಗರದ ಅವರ ಮನೆಯ ಮಹಡಿಯಲ್ಲಿ. ಊಟ ಆಗಿತ್ತು, ಕೇರಂ ಬೋರ್ಡು ಗೋಡೆಗೆ ಒರಗಿತ್ತು. ಅದನ್ನು ಇಳಿಸೋಕೆ ಹೋದ ನಾನು ನೆನಪಾಗಿ ಸುಮ್ಮನೆ ಕೂತೆ. ಅವನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಕತ್ತಲಲ್ಲಿ ಕಾಣೋದಿಲ್ಲ, ಆಮೇಲೆ ಅಕ್ಕಪಕ್ಕದ್ದು ಕಾಣೋದಿಲ್ಲ, ವರ್ಷ ಕಳೆದ ಹಾಗೆ ಕಣ್ಣಿನ ಮುಂದಿನ ಕಿಟಕಿ ಕಿರಿದಾಗ್ತಾ ಹೋಗುತ್ತೆ. ಮೂವತ್ತೈದು ದಾಟುವಷ್ಟರಲ್ಲಿ ಅವನ ಪಾಲಿಗೆ ಉಳಿದದ್ದು ಬೆಳಕು, ನೆರಳು ಅಷ್ಟೇ. ಬ್ಯಾಂಕಿನ ಕೆಲಸ ಸ್ಕ್ರೀನ್ ರೀಡರ್ ಇಟ್ಟುಕೊಂಡು ನಡೆಯುತ್ತಿದೆ. ಕೆಂಪು ಕಾಯಿನ್ನು, ಲೂಡೋ, ಮೊಬೈಲಿನ ರೇಸು, ನಾವಿಬ್ಬರೂ ಚಿಕ್ಕಂದಿನಿಂದ ಜಗಳ ಆಡಿಕೊಂಡು ಆಡಿದ್ದೆಲ್ಲ ಮಾತ್ರ ಒಂದೊಂದಾಗಿ ನಿಂತುಹೋಗಿತ್ತು. ಲಾಕ್‌ಡೌನ್ ಹೊತ್ತಲ್ಲಿ ಲೂಡೋ ಆಡುವಾಗ ದಾಳ ಎಷ್ಟು ಬಿತ್ತು ಅಂತ ನಾನೇ ಹೇಳುತ್ತಿದ್ದೆ. ಅವನು ನಂಬುತ್ತಿದ್ದ. ಅವನಿಗೆ ಬೇಜಾರಾಗಿದ್ದೂ ಆ ನಂಬೋದೇ.

ಹಾಗಾಗಿ ಒಂದು ಆಟ ಹುಡುಕುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಹುಡುಕುತ್ತಾ ಹೋಗಿ ತಲುಪಿದ್ದು 'ಮಡ್' ಎಂಬ ಲೋಕಕ್ಕೆ. ಕೆಸರಲ್ಲ, 'ಮಲ್ಟಿ ಯೂಸರ್ ಡಂಜನ್' ಎನ್ನುವುದರ ಚಿಕ್ಕ ರೂಪ. ಚಿತ್ರ ಇಲ್ಲ, ವಿಡಿಯೊ ಇಲ್ಲ, ಇರೋದೆಲ್ಲ ಅಕ್ಷರ. ನೂರಾರು ಜನ ಒಟ್ಟಿಗೆ ಒಂದೇ ಲೋಕದಲ್ಲಿ ಓಡಾಡುತ್ತಾರೆ, ಮಾತಾಡುತ್ತಾರೆ, ಹೊಡೆದಾಡುತ್ತಾರೆ, ಎಲ್ಲವನ್ನೂ ಟೈಪ್ ಮಾಡಿ.

ಹೇಗಿರುತ್ತೆ ಅಂತ ನಮ್ಮೂರಿನದ್ದೇ ಉದಾಹರಣೆ ಕೊಡ್ತೀನಿ. ಪರದೆಯ ಮೇಲೆ ಹೀಗೆ ಬಂತು ಅಂದುಕೊಳ್ಳಿ: 'ರಾಜಾಜಿನಗರ ಮೆಟ್ರೊ ನಿಲ್ದಾಣ. ಎತ್ತರದ ಪ್ಲಾಟ್‌ಫಾರಂ, ಗಾಳಿ ಜೋರಾಗಿದೆ. ಹಳದಿ ಗೆರೆಯ ಹಿಂದೆ ಒಬ್ಬ ಅಜ್ಜಿ ಚೀಲ ಹಿಡಿದು ನಿಂತಿದ್ದಾಳೆ. ದಾರಿಗಳು: ಉತ್ತರ, ದಕ್ಷಿಣ, ಕೆಳಗೆ.' ನೀವು ದಕ್ಷಿಣ ಅಂತ ಟೈಪ್ ಮಾಡಿದರೆ ಮಹಾಕವಿ ಕುವೆಂಪು ರಸ್ತೆಯ ವರ್ಣನೆ ಬರುತ್ತೆ. ಅಜ್ಜಿಯನ್ನು ನೋಡು ಅಂತ ಹೊಡೆದರೆ ಚೀಲದಲ್ಲಿ ಏನಿದೆ ಅಂತ ಗೊತ್ತಾಗಬಹುದು. ಪಕ್ಕದಲ್ಲಿ ನಿಂತ ಇನ್ನೊಬ್ಬರು ನಿಜವಾದ ಮನುಷ್ಯರಾಗಿದ್ದರೆ, ಅವರು ಇನ್ನೆಲ್ಲೋ ಕೂತು ನಿಮಗೆ ಉತ್ತರ ಕೊಡುತ್ತಾರೆ. ಅಷ್ಟೇ ಆಟ. ಅಷ್ಟೇ ಅಂದರೂ ಜನ ನಲವತ್ತಕ್ಕೂ ಹೆಚ್ಚು ವರ್ಷದಿಂದ ಬಿಡದೆ ಆಡುತ್ತಿದ್ದಾರೆ.

ಮೊದಲ ಮಡ್ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಶುರು ಮಾಡಿದ, ರಿಚರ್ಡ್ ಬಾರ್ಟಲ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಮುಂದುವರಿಸಿದ. ಆಮೇಲೆ ಇದರ ಕೊಂಬೆಗಳು ಬೇರೆ ಬೇರೆ ಕಡೆ ಬೆಳೆದವು. 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ ಬಂದ ಟೈನಿಮಡ್ ಹೊಡೆದಾಟವನ್ನು ಪಕ್ಕಕ್ಕಿಟ್ಟು ಮಾತುಕತೆಗೆ, ಕಟ್ಟುವುದಕ್ಕೆ ಜಾಗ ಕೊಟ್ಟಿತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಹುಡುಗರು 1991ರ ಹೊತ್ತಿಗೆ ಬಿಟ್ಟ ಡೀಕುಮಡ್‌ನಲ್ಲಿ ರಾಕ್ಷಸರನ್ನು ಹೊಡೆ, ಲೆವೆಲ್ ಏರು ಅನ್ನೋದೇ ಮುಖ್ಯ. ಇವತ್ತು ದೊಡ್ಡ ದೊಡ್ಡ ಆನ್‌ಲೈನ್ ಆಟಗಳಲ್ಲಿ ನೀವು ನೋಡುವ ಎಷ್ಟೋ ಸಂಗತಿಗಳ ಬೇರು ಇಲ್ಲೇ ಇದೆ.

ನಾನು ಇದನ್ನೆಲ್ಲ ವಿವರಿಸಿದಾಗ ಅವನು ಒಂದೇ ಮಾತಲ್ಲಿ ಮುಗಿಸಿದ. "ಓ, ತಾಳಮದ್ದಳೆ."

ನಮ್ಮ ಮನೆತನ ಪುತ್ತೂರಿನ ಕಡೆಯದು. ಮಾವ ಕೆಲಸಕ್ಕೆ ಅಂತ ರಾಜಾಜಿನಗರಕ್ಕೆ ಬಂದು ಇಲ್ಲೇ ನೆಲೆಸಿದವರು, ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಮಾತ್ರ ಬಿಟ್ಟಿರಲಿಲ್ಲ. ಭಾನುವಾರ ಬೆಳಿಗ್ಗೆ ನಮಗೆ ಕಾರ್ಟೂನ್ ಬೇಕು, ಅವರಿಗೆ ಅರ್ಥಗಾರಿಕೆ ಬೇಕು. ಗೊತ್ತಿಲ್ಲದವರಿಗೆ ಹೇಳೋದಾದರೆ, ತಾಳಮದ್ದಳೆ ಅಂದರೆ ವೇಷ ಇಲ್ಲದ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಕಥೆ, ಪದ್ಯ ಮೊದಲೇ ಗೊತ್ತು, ಆಡುವ ಮಾತು ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಬಾಣ ತಗುಲಿ ಬಿದ್ದ ವಾಲಿ ಏನು ಕೇಳುತ್ತಾನೆ ಅನ್ನೋದರ ಮೇಲೆ ರಾಮ ಏನು ಹೇಳಬೇಕು ಅನ್ನೋದು ನಿಲ್ಲುತ್ತೆ. ಬಿಳಿ ಪಂಚೆ ಉಟ್ಟು ಕೂತವರೇ ವಾಲಿ, ಅವರೇ ರಾಮ. ಅಲ್ಲಿ ಕಣ್ಣು ಮುಚ್ಚಿ ಕೂತವನಿಗೂ ಹೆಚ್ಚೇನೂ ತಪ್ಪಿಹೋಗೋದಿಲ್ಲ.

ಈ ಹೋಲಿಕೆ ನನಗೆ ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಆದರೆ ಆಗ ನಾನು ಅದನ್ನು ಅರ್ಧಕಿವಿಯಲ್ಲಿ ಕೇಳಿ, ಅತಿ ಚೆಂದದ ವೆಬ್‌ಸೈಟ್ ಇದ್ದ ಒಂದು ಆಟಕ್ಕೆ ಇಬ್ಬರನ್ನೂ ಸೇರಿಸಿಬಿಟ್ಟೆ. ಅದು ಪಾತ್ರ ಬಿಟ್ಟು ಮಾತಾಡಲೇಬಾರದು ಎಂಬ ಕಟ್ಟುನಿಟ್ಟಿನ ಆಟ. ನಿಯಮಗಳನ್ನು ನಾನು ಓದಿರಲಿಲ್ಲ, ಟರ್ಮ್ಸ್ ಅಂಡ್ ಕಂಡೀಶನ್ಸ್ ಯಾರು ಓದ್ತಾರೆ? ಮೊದಲ ದಿನ ಸಂತೆಬೀದಿಯಲ್ಲಿ ನಿಂತು ನಮ್ಮ ಭಾವ ನನ್ನನ್ನು ಕೇಳಿದ, ಆಫೀಸ್ ಮುಗೀತಾ, ಮ್ಯಾಚ್ ಸ್ಕೋರ್ ಎಷ್ಟು ಅಂತ. ಪಕ್ಕದಲ್ಲಿದ್ದ ಒಬ್ಬ ಕಾವಲುಗಾರ, ಅವನೂ ಯಾರೋ ಆಟಗಾರನೇ, ಇವನನ್ನು ಹುಚ್ಚ ಅಂತ ಕರೆದು ಊರ ಬಾಗಿಲಿನ ಹೊರಗೆ ತಳ್ಳಿದ. ಖಾಸಗಿಯಾಗಿ ಒಂದು ಗದರಿಕೆಯೂ ಬಂತು. ನನಗೆ ಸಿಟ್ಟು ಬಂತು, ಅವನಿಗೆ ನಗು. "ಸರಿಯೇ ಅಲ್ವಾ ಭಾವ? ವಾಲಿ ರಾಮನ ಹತ್ರ ಬಸ್ ಟಿಕೆಟ್ ರೇಟ್ ಕೇಳಿದ್ರೆ ಭಾಗವತರು ಸುಮ್ಮನಿರ್ತಾರಾ?"

ಅವನು ನಕ್ಕಿದ್ದೇನೋ ನಿಜ, ಆದರೆ ಮೂರನೇ ದಿನ ಲಾಗಿನ್ ಆಗಲಿಲ್ಲ. ನಾಲ್ಕನೇ ದಿನವೂ ಇಲ್ಲ. ಕೆಲಸ ಇತ್ತು ಅಂದ. ಅವನಿಗೆ ಕೆಲಸ ಇದ್ದಾಗ ಅವನು 'ಕೆಲಸ ಇತ್ತು' ಅನ್ನೋದಿಲ್ಲ, ಯಾವ ಕೆಲಸ ಅಂತ ಅರ್ಧ ಗಂಟೆ ವಿವರಿಸ್ತಾನೆ.

ಕಾರಣ ಬೇರೆಯೇ ಇತ್ತು. ಆ ಆಟ ಪ್ರತಿ ಹೆಜ್ಜೆಗೂ ಒಂದು ನಕ್ಷೆ ತೋರಿಸುತ್ತಿತ್ತು. ಚಿತ್ರದ ನಕ್ಷೆಯಲ್ಲ, ಅಡ್ಡಗೆರೆ, ಉದ್ದಗೆರೆ, ನಕ್ಷತ್ರ ಚಿಹ್ನೆಗಳನ್ನೇ ಜೋಡಿಸಿ ಮಾಡಿದ ನಕ್ಷೆ. ನನ್ನ ಕಣ್ಣಿಗೆ ಅದು ಬೀದಿಗಳಾಗಿ ಕಾಣುತ್ತಿತ್ತು. ಅವನ ಸ್ಕ್ರೀನ್ ರೀಡರ್ ಅದನ್ನು 'ಡ್ಯಾಶ್ ಡ್ಯಾಶ್ ಬಾರ್ ಸ್ಟಾರ್ ಬಾರ್ ಡ್ಯಾಶ್' ಅಂತ ಒಂದೊಂದೇ ಓದುತ್ತಿತ್ತು. ಒಂದು ಹೆಜ್ಜೆ ಇಟ್ಟರೆ ಅರ್ಧ ನಿಮಿಷ ಡ್ಯಾಶು ಬಾರು. ಅಷ್ಟರಲ್ಲಿ ಎದುರಿಗೆ ಬಂದವರು ಮಾತಾಡಿಸಿ ಉತ್ತರ ಬರಲಿಲ್ಲ ಅಂತ ಹೋಗಿಯೂ ಆಗಿರುತ್ತಿತ್ತು. ಅಕ್ಷರದ ಆಟ ಅಂದಮೇಲೆ ಕಣ್ಣು ಬೇಡ ಅಂತ ನಾನು ಅಂದುಕೊಂಡಿದ್ದೆ. ಅವನು ನನಗೆ ಹೇಳಲಿಲ್ಲ, ಯಾಕಂದರೆ ನಾನು ಕಷ್ಟಪಟ್ಟು ಹುಡುಕಿದ್ದೆ. ಲೂಡೋ ದಾಳದ ಕಥೆಯೇ ಮತ್ತೊಮ್ಮೆ, ಈ ಸಲ ಬಿಟ್ಟುಕೊಟ್ಟವನು ಅವನು.

ಆಮೇಲೆ ಇಬ್ಬರೂ ಕೂತು ಮೊದಲಿನಿಂದ ಹುಡುಕಿದೆವು. ಈ ಅಂಕಣ ಬರೆಯುತ್ತಿರುವುದು ಆ ಎರಡನೇ ಹುಡುಕಾಟದಲ್ಲಿ ಕಲಿತದ್ದಕ್ಕಾಗಿ, ಹೊಸದಾಗಿ ಮಡ್ ಆಡಬೇಕು ಅಂದುಕೊಳ್ಳುವ ಯಾರಿಗಾದರೂ ಇದು ಅನ್ವಯಿಸುತ್ತೆ, ಕಣ್ಣು ಚೆನ್ನಾಗಿದ್ದವರಿಗೂ.

ಮೊದಲಿಗೆ ಆಟವನ್ನಲ್ಲ, ನಿಮ್ಮನ್ನು ನೋಡಿಕೊಳ್ಳಿ. ಎಸೆಕ್ಸ್‌ನ ಅದೇ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದ. ಮಡ್ ಆಡುವವರನ್ನು ಇಸ್ಪೀಟಿನ ನಾಲ್ಕು ಜಾತಿಗಳ ಹಾಗೆ ವಿಂಗಡಿಸಿದ. ಲೆವೆಲ್ಲು, ಪಾಯಿಂಟು, ಸಂಪತ್ತು ಅಂತ ಹಿಂದೆ ಬೀಳುವವರು ಡೈಮಂಡ್. ಮೂಲೆಮೂಲೆ ಅಗೆದು ಹುಡುಕುವವರು ಇಸ್ಪೀಟ್, ಇಂಗ್ಲಿಷ್‌ನಲ್ಲಿ ಅದರ ಹೆಸರಿಗೆ ಸನಿಕೆ ಅಂತಲೂ ಅರ್ಥ ಇದೆಯಲ್ಲ. ಜನರ ಜೊತೆ ಹರಟೆಗೆ ಬರುವವರು ಆಟಿನ್. ಬೇರೆ ಆಟಗಾರರನ್ನು ಹೊಡೆದು ಕೆಡವುವುದರಲ್ಲೇ ಖುಷಿ ಕಾಣುವವರು ಕಳಾವರ್. ನಮ್ಮ ಭಾವ ವಾಚಾಳಿ, ಖಂಡಿತ ಆಟಿನ್ ಅಂತ ನಾನು ಲೆಕ್ಕ ಹಾಕಿದ್ದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಇಸ್ಪೀಟ್ ಅಂದ. "ಮಾತಾಡೋಕೆ ಬ್ಯಾಂಕಲ್ಲಿ ದಿನಕ್ಕೆ ಐವತ್ತು ಜನ ಸಿಗ್ತಾರೆ. ನನಗೆ ಯಾರನ್ನೂ ಕರ್ಕೊಳ್ದೆ ಒಂದು ಹೊಸ ಊರು ಸುತ್ಬೇಕು."

ನಾನು ಇದನ್ನು ಕೇಳಿಯೇ ಇರಲಿಲ್ಲ. ವಾರದಲ್ಲಿ ಎರಡು ಸಲ ಫೋನ್ ಮಾಡುತ್ತೇವೆ, ಆದರೂ.

ಎರಡನೆಯದು ಪಾತ್ರದ ಬಿಗಿ. ಕೆಲವು ಆಟಗಳಲ್ಲಿ ಪಾತ್ರವಾಗಿ ಮಾತಾಡುವುದು ಕಡ್ಡಾಯ, ಕೆಲವಲ್ಲಿ ಇಷ್ಟ ಇದ್ದರೆ ಮಾತ್ರ, ಕೆಲವಲ್ಲಿ ಆ ಗೋಜೇ ಇಲ್ಲ. ಕಡ್ಡಾಯ ಇರುವಲ್ಲಿ ಪಾತ್ರದೊಳಗಿನ ಮಾತಿಗೆ 'ಐಸಿ', ಹೊರಗಿನ ಮಾತಿಗೆ 'ಓಓಸಿ' ಎನ್ನುತ್ತಾರೆ, ಎರಡಕ್ಕೂ ಬೇರೆ ಬೇರೆ ಜಾಗ ಇರುತ್ತೆ. ಇನ್ನೂ ಕೆಲವು ಕಡೆ ಪಾತ್ರ ಸತ್ತರೆ ಸತ್ತಿತು, ಮತ್ತೆ ಎದ್ದು ಬರೋದಿಲ್ಲ. ಹೊಸಬರು ಅಂಥಲ್ಲಿಗೆ ಮೊದಲ ವಾರವೇ ಹೋಗುವುದು ನನ್ನ ಪ್ರಕಾರ ದುಡುಕು. ತಾಳಮದ್ದಳೆಯಲ್ಲೂ ಮೊದಲು ಎಷ್ಟೋ ರಾತ್ರಿ ಕೇಳುಗನಾಗಿ ಕೂತು, ಆಮೇಲೆ ಸಣ್ಣ ಪಾತ್ರ ಕೇಳುತ್ತಾರೆ, ಸೀದಾ ಹೋಗಿ ಕೌರವನಾಗಿ ಕೂರೋದಿಲ್ಲ.

ಆಮೇಲೆ ಹೊತ್ತು. ಇದನ್ನು ಯಾರೂ ಹೇಳಿಕೊಡೋದಿಲ್ಲ. ಈ ಆಟಗಳ ಬಹಳಷ್ಟು ಜನ ಅಮೆರಿಕ, ಯುರೋಪಿನವರು. ನ್ಯೂಯಾರ್ಕಿನಲ್ಲಿ ರಾತ್ರಿ ಎಂಟು ಗಂಟೆಗೆ ನಮಗೆ ಬೆಳಿಗ್ಗೆ ಐದೂವರೆ, ಅವರ ಚಳಿಗಾಲದಲ್ಲಿ ಆರೂವರೆ. ಲಂಡನ್ನಿನ ಸಂಜೆ ನಮ್ಮ ನಡುರಾತ್ರಿ. ನಾವು ಊಟ ಮುಗಿಸಿ ಹತ್ತು ಗಂಟೆಗೆ ಲಾಗಿನ್ ಆದರೆ ಅಮೆರಿಕದವರು ಆಫೀಸಲ್ಲಿರುತ್ತಾರೆ, ಊರೆಲ್ಲ ಬಣಬಣ. ಎಷ್ಟೋ ಹೊಸಬರು 'ಈ ಆಟ ಸತ್ತುಹೋಗಿದೆ' ಅಂತ ಬಿಟ್ಟುಬಿಡುವುದು ಇದಕ್ಕೇ. ನೀವು ನಿಜವಾಗಿ ಆಡೋಕೆ ಸಿಗುವ ಹೊತ್ತಲ್ಲೇ ಒಳಗೆ ಹೋಗಿ 'ಹೂ' ಎಂಬ ಕಮಾಂಡ್ ಹೊಡೆಯಿರಿ, ಆ ಕ್ಷಣ ಯಾರೆಲ್ಲ ಇದ್ದಾರೆ ಅನ್ನೋ ಪಟ್ಟಿ ಬರುತ್ತೆ. ವೆಬ್‌ಸೈಟಿನ ಬಣ್ಣ ನೋಡಿ ಮೋಸಹೋದ ನನ್ನ ಮಾತು ಕೇಳಿ, ಆ ಪಟ್ಟಿಯನ್ನು ನಂಬಿ.

ಪಟ್ಟಿಯಲ್ಲಿ ಜನ ಇದ್ದರೆ ಮುಂದಿನ ಪರೀಕ್ಷೆ. ಹೊಸಬರ ಚಾನೆಲ್‌ನಲ್ಲಿ ಒಂದು ಪೆದ್ದು ಪ್ರಶ್ನೆ ಕೇಳಿ. 'ಕತ್ತಿ ಕೈಯಲ್ಲಿದೆ, ಹಿಡಿದುಕೊಳ್ಳೋದು ಹೇಗೆ?' ಅನ್ನೋ ಥರದ್ದು. ಯಾರಾದರೂ ಐದು ನಿಮಿಷದಲ್ಲಿ ಸಹನೆಯಿಂದ ಉತ್ತರ ಕೊಟ್ಟರೆ ಆ ಆಟದಲ್ಲಿ ನಿಲ್ಲಬಹುದು. ಉತ್ತರ ಬಾರದಿದ್ದರೆ, ಅಥವಾ ಹೆಲ್ಪ್ ಓದು ಅಂತ ಮುಖಕ್ಕೆ ಹೊಡೆದ ಹಾಗೆ ಬಂದರೆ, ಜಗತ್ತು ಎಷ್ಟೇ ಚೆಂದವಾಗಿ ಬರೆದಿರಲಿ, ಹೊರಟುಬಿಡಿ. ನಾವು ಈ ಪ್ರಶ್ನೆಯನ್ನು ಆರು ಕಡೆ ಕೇಳಿದ್ದೇವೆ. ಒಂದು ಕಡೆ ಉತ್ತರದ ಜೊತೆ ಒಂದು ಗುರಾಣಿಯೂ ಬಿಟ್ಟಿ ಸಿಕ್ಕಿತು.

ಹೆಸರು ಹೇಳಿ ಅಂತೀರಾ? ಹೇಳ್ತೀನಿ. ಆರ್ಡ್‌ವುಲ್ಫ್ 1996ರಿಂದ ಇದೆ, ಉಚಿತ, ಹೊಸಬರಿಗೆ ಶಾಲೆಯ ಹಾಗೆ ಒಂದೊಂದೇ ಪಾಠ ಹೇಳಿಕೊಡುವ ಅಕಾಡೆಮಿ ಆಟದೊಳಗೇ ಇದೆ. ಡೈಮಂಡ್ ಜಾತಿಯವರು ಅಲ್ಲಿಂದ ಶುರು ಮಾಡಬಹುದು. ಟೆರಿ ಪ್ರ್ಯಾಚೆಟ್ ಕಾದಂಬರಿಗಳನ್ನು ಓದಿ ನಕ್ಕವರಿಗೆ 1991ರಿಂದ ನಡೆಯುತ್ತಿರುವ ಡಿಸ್ಕ್‌ವರ್ಲ್ಡ್ ಮಡ್, ಅದೂ ಉಚಿತ. ಅದರೊಳಗೆ ಊರೂರಿಗೆ ಬೇರೆ ಭಾಷೆ ಇದೆ, ಕಲಿಯದಿದ್ದರೆ ಅಲ್ಲಿನವರ ಮಾತು ನಿಮಗೆ ಅರ್ಥ ಆಗೋದಿಲ್ಲ, ಬೆಂಗಳೂರಿಗೆ ಬಂದು ವರ್ಷಗಟ್ಟಲೆ ಕನ್ನಡ ಕಲಿಯದವರನ್ನು ಒಮ್ಮೆ ಅಲ್ಲಿಗೆ ಕಳಿಸಬೇಕು ಅನಿಸುತ್ತೆ. ನಟನೆ, ರಾಜಕೀಯ, ಊರುಗಳ ನಡುವಿನ ಜಗಳ ಬೇಕು ಅನ್ನೋರಿಗೆ 1997ರ ಅಕೇಯ. ಬ್ರೌಸರಿನಲ್ಲೇ ತೆರೆಯುತ್ತೆ, ಆಡೋಕೆ ದುಡ್ಡು ಬೇಕಿಲ್ಲ. ಆದರೆ ಶಕ್ತಿ ಹೆಚ್ಚಿಸಿಕೊಳ್ಳುವ 'ಕ್ರೆಡಿಟ್' ಅನ್ನು ನಿಜವಾದ ದುಡ್ಡಿಗೆ ಮಾರುತ್ತಾರೆ. ಸಂಬಳ ಬಂದ ವಾರ ಅದನ್ನು ಆಡಬೇಡಿ ಅನ್ನೋದು ನನ್ನ ಸಲಹೆ. ಕಣ್ಣು ಕಾಣದ ಆಟಗಾರರು ಬಹಳ ಮಂದಿ ಸೇರುವ ಆಟ ಅಂದರೆ ಆಲ್ಟರ್ ಇಯಾನ್, 1995ರದ್ದು. ನಾವಿಬ್ಬರೂ ಕೊನೆಗೆ ನಿಂತದ್ದು ಅಲ್ಲಿ.

ಸ್ಕ್ರೀನ್ ರೀಡರ್ ಬಳಸುವವರಿಗೆ ಎರಡು ಮಾತು. ಕೆಲವು ಆಟಗಳು ಹೆಸರು ನೋಂದಾಯಿಸುವಾಗಲೇ ನೀವು ಸ್ಕ್ರೀನ್ ರೀಡರ್ ಬಳಸುತ್ತೀರಾ ಅಂತ ಕೇಳುತ್ತವೆ. ಹೌದು ಅಂದರೆ ನಕ್ಷೆ, ಅಲಂಕಾರದ ಗೆರೆಗಳೆಲ್ಲ ಹೋಗುತ್ತವೆ. ಕೇಳದಿದ್ದರೆ ಹೊಸಬರ ಚಾನೆಲ್‌ನಲ್ಲಿ ಅದನ್ನೇ ಮೊದಲ ಪ್ರಶ್ನೆ ಮಾಡಿ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಉಚಿತವಾಗಿ ಸಿಗುತ್ತೆ, ಆಟಕ್ಕೆ ಸೇರಿಕೊಳ್ಳೋಕೆ ಮಡ್ಲೆಟ್ ಎಂಬ ತಂತ್ರಾಂಶವೂ ಉಚಿತ.

ಮೊಬೈಲಿನಲ್ಲಿ ಆಡೋದಾದರೆ ಮೊದಲು ಆಟೋಕರೆಕ್ಟ್ ಆಫ್ ಮಾಡಿ. ಉತ್ತರಕ್ಕೆ ಹೋಗೋಕೆ 'ಎನ್' ಅಂತ ಒಂದಕ್ಷರ ಹೊಡೆದರೆ ಅದು ತಾನಾಗಿ 'ನೋ' ಮಾಡುತ್ತೆ, ಆಟ ಕಕ್ಕಾಬಿಕ್ಕಿ. ಇನ್ನೊಂದು ಬೇಸರ: ಇಂಥ ಹಳೆಯ ಆಟಗಳಲ್ಲಿ ಬಹಳಷ್ಟಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಗೊತ್ತಿಲ್ಲ. ನಾನೊಮ್ಮೆ ಕನ್ನಡ ಲಿಪಿಯಲ್ಲಿ 'ನಮಸ್ಕಾರ' ಅಂತ ಹೊಡೆದೆ. ಅವನಿಗೆ ತಲುಪಿದ್ದು 'ಕ್ವೆಶ್ಚನ್ ಮಾರ್ಕ್ ಕ್ವೆಶ್ಚನ್ ಮಾರ್ಕ್' ಅಂತ ಒಂದು ಸಾಲು. ಕನ್ನಡ ಮಾತಾಡಬೇಕು ಅಂದರೆ ಇಂಗ್ಲಿಷ್ ಲಿಪಿಯಲ್ಲೇ ಕಂಗ್ಲಿಷ್ ಹೊಡೀಬೇಕು.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಎಷ್ಟೋ ಮಡ್‌ಗಳು ಇವತ್ತಿಗೂ ಟೆಲ್ನೆಟ್ ಎಂಬ ಹಳೆಯ ದಾರಿಯಲ್ಲಿ ಓಡುತ್ತವೆ, ಅದರಲ್ಲಿ ನೀವು ಹೊಡೆದದ್ದು ಗುಪ್ತಲಿಪಿಯಾಗದೆ ಹಾಗೆಹಾಗೇ ಹೋಗುತ್ತೆ. ಬ್ಯಾಂಕಿಗೋ ಮೇಲ್‌ಗೋ ಇಟ್ಟ ಪಾಸ್‌ವರ್ಡನ್ನು ಇಲ್ಲಿ ಇಡಬೇಡಿ. ಆಫೀಸಿನ ನೆಟ್‌ವರ್ಕಿನಲ್ಲಿ ಪ್ರಯತ್ನಿಸಲೂ ಬೇಡಿ, ತೆರೆಯದೇ ಇರುವ ಸಾಧ್ಯತೆಯೇ ಹೆಚ್ಚು, ತೆರೆದರೆ ಐಟಿಯವರಿಂದ ಮೇಲ್ ಬರುತ್ತೆ.

ಇನ್ನು ಮೆಟ್ರೊ. ಬೆಳಿಗ್ಗೆ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಕಡೆ ಹೋಗುವಾಗ ನಾನು ಆಡ್ತೀನಿ. ಸಂಪಿಗೆ ರಸ್ತೆ ನಿಲ್ದಾಣ ದಾಟಿದ ಮೇಲೆ ರೈಲು ನೆಲದಡಿಗೆ ಇಳಿಯುತ್ತೆ. ಒಂದು ದಿನ ಅಲ್ಲಿ ನೆಟ್‌ವರ್ಕ್ ಹೋಯಿತು. ಮಡ್‌ನಲ್ಲಿ ಸಂಪರ್ಕ ತಪ್ಪಿದರೆ ನಿಮ್ಮ ಪಾತ್ರ ಮಾಯ ಆಗೋದಿಲ್ಲ, ಇದ್ದಲ್ಲೇ ಕಂಬದ ಹಾಗೆ ನಿಂತಿರುತ್ತೆ. ನನ್ನದು ನಿಂತದ್ದು ಒಂದು ತೋಳದ ಎದುರಿಗೆ. ಮತ್ತೆ ನೆಟ್‌ವರ್ಕ್ ಸಿಕ್ಕಾಗ ನಾನು ಸತ್ತಿದ್ದೆ, ನನ್ನ ಸಾಮಾನೆಲ್ಲ ಕಾಡಿನಲ್ಲಿ ಹೆಣದ ಜೊತೆ ಬಿದ್ದಿತ್ತು. ಆ ಕಾಡಿನ ದಾರಿ ನನಗೆ ಬರೋದಿಲ್ಲ. ನಾನು ನಕ್ಷೆ ನೋಡಿ ನಡೆಯುವವನು, ಅದು ಆ ಹೊತ್ತಲ್ಲಿ ಆಫ್ ಇತ್ತು.

ಫೋನ್ ಮಾಡಿದೆ. ಅವನಿನ್ನೂ ಮನೆಯಲ್ಲಿ ಕಾಫಿ ಕುಡೀತಿದ್ದ.

"ಎಲ್ಲಿದ್ದಿ? ದೇವಸ್ಥಾನದ ಹತ್ರವಾ? ಹಾಗಾದ್ರೆ ಕೇಳು. ಪೂರ್ವ ಎರಡು, ಉತ್ತರ ಒಂದು, ಸೇತುವೆ ಸಿಗ್ತದೆ. ದಾಟ್ಬೇಡ, ಕೆಳಗೆ ಇಳಿ. ಪಶ್ಚಿಮಕ್ಕೆ ಹೋದ್ರೆ ನೀರಿನ ಶಬ್ದ ಅಂತ ಒಂದು ಸಾಲು ಬರ್ತದೆ, ನೀನು ಅದನ್ನ ಓದೋದೇ ಇಲ್ಲ, ನನಗೆ ಗೊತ್ತು. ಆ ಸಾಲು ಬಂದ ಕಡೆ ದಕ್ಷಿಣಕ್ಕೆ ತಿರುಗು."

ಇಡೀ ಕಾಡು ಅವನ ತಲೆಯಲ್ಲಿತ್ತು. ಎರಡು ಸಲ ನಾನು ದಾರಿ ತಪ್ಪಿದೆ, ಎರಡು ಸಲವೂ ಬೈದ. ನನ್ನ ಸ್ಟೇಷನ್ನು ಬಂದು ಹೋಯಿತು, ಇಳಿಯೋದು ಮರೆತೆ. ತೋಳ ಇನ್ನೂ ಅಲ್ಲೇ ಇತ್ತು.

"ತಡಿ, ಅದರ ಹತ್ರ ಹೋಗ್ಬೇಡ," ಅಂದ. "ಕಾಫಿ ಲೋಟ ಇಟ್ಟು ಬರ್ತೇನೆ."